ಹುತಾತ್ಮ ಯೋಧನ ನೆನಪಲ್ಲಿ ಗಡಿಯ ಮಗುವಿಗೆ ನೆರವು: ಮೊದಲ ಮಾತಿನಿಂದ ತಿಂಗಳ ಹಣದವರೆಗೆ

1999ರ ಜೂನ್ ಕೊನೆಯ ವಾರ, ಕಾರ್ಗಿಲ್ ಯುದ್ಧದ ಸಮಯ. ದ್ರಾಸ್‌ನ ಬೆಟ್ಟಗಳಲ್ಲಿ ದಾಳಿಗೆ ಹೊರಡುವ ಮುಂಚೆ 22 ವರ್ಷದ ಅಧಿಕಾರಿಯೊಬ್ಬರು ಮನೆಗೆ ಒಂದು ಪತ್ರ ಬರೆದಿಟ್ಟರು. ಅವರು 2ನೇ ರಜಪುತಾನಾ ರೈಫಲ್ಸ್‌ನ ಕ್ಯಾಪ್ಟನ್ ವಿಜಯಂತ್ ಥಾಪರ್. ಜೂನ್ 29ರಂದು ತ್ರೀ ಪಿಂಪಲ್ಸ್ ಶಿಖರಗಳ ಕಾಳಗದಲ್ಲಿ ತೀರಿಕೊಂಡರು. ಮರಣೋತ್ತರ ವೀರಚಕ್ರ ಬಂತು. ಆ ಪಲ್ಟಣದ ಕಮಾಂಡಿಂಗ್ ಆಫೀಸರ್ ನಮ್ಮ ಕರ್ನಾಟಕದವರೇ, ಎಂ.ಬಿ. ರವೀಂದ್ರನಾಥ್. ತೋಲೋಲಿಂಗ್ ಶಿಖರ ಗೆದ್ದ ಪಲ್ಟಣ ಅದು.

ಆ ಪತ್ರದಲ್ಲಿ ದುಡ್ಡಿನ ಬಗ್ಗೆ ಇರುವುದು ಎರಡೇ ಕೋರಿಕೆ. ಒಂದು, ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ. ಇನ್ನೊಂದು, ಒಬ್ಬ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ. ಕಾರ್ಗಿಲ್‌ಗೆ ಮುಂಚೆ ಅವರ ಪಲ್ಟಣ ಕಾಶ್ಮೀರದ ಕುಪ್ವಾರದಲ್ಲಿತ್ತು. ಹುಡುಗಿ ಅಲ್ಲಿಯವಳು, ಆರು ವರ್ಷ. ತಂದೆಯನ್ನು ಉಗ್ರರು ಅವಳ ಕಣ್ಣೆದುರೇ ಕೊಂದಿದ್ದರು. ಅವಳ ಮಾತೇ ನಿಂತುಹೋಗಿತ್ತು. ವಿಜಯಂತ್ ಅವರ ತಂದೆ ಕರ್ನಲ್ ವಿ.ಎನ್. ಥಾಪರ್ ಮಗನ ಮಾತು ನಡೆಸಿಕೊಟ್ಟರು. ಸುಮಾರು 16 ಸಾವಿರ ಅಡಿ ಎತ್ತರದ ಆ ಜಾಗಕ್ಕೂ ಹೋಗಿ ಬಂದರು. ಅದನ್ನೂ ಮಗ ಪತ್ರದಲ್ಲಿ ಕೇಳಿದ್ದರು.

ಈ ಪತ್ರ ನಮ್ಮ ಕೈಗೆ ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಜೊತೆ ಹೈಸ್ಕೂಲು ಓದಿದವನೊಬ್ಬ ಕಾಶ್ಮೀರದಲ್ಲಿ ಹುತಾತ್ಮನಾದ. ಮೆರವಣಿಗೆ, ಬ್ಯಾನರು, ಭಾಷಣ ಎಲ್ಲ ಮುಗಿದು ಎಂಟು ತಿಂಗಳಾದ ಮೇಲೆ ನಾವು ಹನ್ನೆರಡು ಜನ ಸೇರಿ ಏನು ಮಾಡಬೇಕು ಅಂತ ಕೂತೆವು. ಪುತ್ಥಳಿ ಅಂದ ಒಬ್ಬ. ಊರ ಬಾಗಿಲಿಗೆ ಕಮಾನು ಅಂದ ಇನ್ನೊಬ್ಬ. ಕ್ರಿಕೆಟ್ ಟೂರ್ನಿಯಂತೂ ಇದ್ದೇ ಇತ್ತು. ಯಾರೋ ಈ ಪತ್ರ ಓದಿ ಹೇಳಿದರು. ಗೆಳೆಯನ ಅವ್ವ ಅಲ್ಲೇ ಬಾಗಿಲ ಹತ್ತಿರ ಕೂತಿದ್ದರು. "ಕಲ್ಲು ನಿಲ್ಲಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹುಡುಗಿಗೆ ರೊಕ್ಕಾ ಹೋಗ್ತದೋ ಇಲ್ಲೋ, ಅದನ್ನ ಹೇಳ್ರಿ ಮೊದಲ" ಅಂದರು. ಪುತ್ಥಳಿಯ ಮಾತು ಅಲ್ಲಿಗೇ ನಿಂತಿತು.

ಕಲ್ಲು ನಿಲ್ಲಿಸುವುದು ನಮಗೆ ಹೊಸದಲ್ಲ ಬಿಡಿ. ಕನ್ನಡ ನಾಡಿನ ತುಂಬ ವೀರಗಲ್ಲುಗಳಿವೆ. ಆದರೆ ಶಾಸನ ಓದಿದವರಿಗೆ ಇನ್ನೊಂದು ಪದವೂ ಗೊತ್ತು: ನೆತ್ತರುಗೊಡಗೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಕಲ್ಲು ನೆಡುತ್ತಿದ್ದರು, ಜೊತೆಗೆ ಉಳಿದವರ ಊಟಕ್ಕೂ ದಾರಿ ಮಾಡುತ್ತಿದ್ದರು. ಈಗ ನಾವು ಕಲ್ಲನ್ನು ಉಳಿಸಿಕೊಂಡು ಕೊಡಗೆಯನ್ನು ಮರೆತಿದ್ದೇವೆ.

ಮುಂದೆ ಬರೆದಿರುವುದೆಲ್ಲ ನಾವು ಮಾಡಿ, ತಪ್ಪಿ, ತಿದ್ದಿಕೊಂಡು ಕಲಿತದ್ದು. ನಿಮ್ಮೂರಿನ ಯೋಧನ ಹೆಸರಲ್ಲಿ ಹೀಗೇನಾದರೂ ಮಾಡುವ ಮನಸ್ಸಿದ್ದರೆ ಇದೇ ಕ್ರಮದಲ್ಲಿ ಹೋಗಿ.

ಹಂತ 1: ಮೊದಲು ಮನೆಯವರು

ಸುದ್ದಿ ಬಂದ ವಾರದಲ್ಲೇ ಯಾವ ಯೋಜನೆಯನ್ನೂ ಘೋಷಿಸಬೇಡಿ. ಮನೆಯವರು ಆಗ ಯಾವುದಕ್ಕೆ ಹೂಂ ಅಂದರು ಅಂತ ಅವರಿಗೇ ನೆನಪಿರುವುದಿಲ್ಲ. ಕನಿಷ್ಠ ಆರು ತಿಂಗಳು ಕಾಯಿರಿ.

ಹೆಂಡತಿಯ ಒಪ್ಪಿಗೆ ಬೇರೆ, ತಂದೆ ತಾಯಿಯ ಒಪ್ಪಿಗೆ ಬೇರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಪರಿಹಾರದ ಹಣದ ವಿಷಯದಲ್ಲಿ ಅತ್ತೆ ಸೊಸೆ ನಡುವೆ ಮಾತು ನಿಂತ ಮನೆಗಳು ಕಡಿಮೆ ಇಲ್ಲ. ಅದರ ನಡುವೆ ನೀವು ಒಬ್ಬರ ಪರ ನಿಂತಂತೆ ಕಾಣಬಾರದು. ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹೆಸರು ಎಲ್ಲಿ ಬಳಸಬಹುದು, ಫೋಟೋ ಬಳಸಬಹುದೇ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಇಷ್ಟು ಇದ್ದರೆ ಸಾಕು.

ಇನ್ನೊಂದು ಮುಖ್ಯ ಮಾತು. ಯೋಧನಿಗೇ ಚಿಕ್ಕ ಮಕ್ಕಳಿದ್ದರೆ ಮೊದಲು ಅವರನ್ನು ನೋಡಿ. ಪಿಂಚಣಿ, ಮಕ್ಕಳ ಶಿಕ್ಷಣ ಭತ್ಯೆ, ರಾಜ್ಯದ ಪರಿಹಾರ ಎಲ್ಲ ಬಂದಿದೆಯೇ? ಇಲ್ಲದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅವರ ಜೊತೆ ಒಬ್ಬರು ಹೋಗಿ. ಅರ್ಜಿ ತುಂಬಿಕೊಡುವುದೂ ಗೌರವವೇ. ಈ ಕೆಲಸ ಮುಗಿಯದೆ ದೂರದ ಮಗುವಿನ ಮಾತು ತೆಗೆದರೆ ಮನೆಯವರಿಗೆ ನೋವಾಗುತ್ತದೆ.

ಲೆಟರ್‌ಹೆಡ್‌ನಲ್ಲಿ ಸೇನೆಯ ಲಾಂಛನ, ರೆಜಿಮೆಂಟಿನ ಬ್ಯಾಡ್ಜ್ ಹಾಕಿಕೊಳ್ಳಬೇಡಿ. ಅನುಮತಿ ಇಲ್ಲದೆ ಹಾಗೆ ಬಳಸುವಂತಿಲ್ಲ. ಹೆಸರು, ಊರು, ಇಸವಿ ಸಾಕು.

ಹಂತ 2: ಯಾವ ಮಗು, ಯಾವ ಜಾಗ

"ಯುದ್ಧದ ಮಕ್ಕಳು" ಅಂದರೆ ತಲೆಯಲ್ಲಿ ಬರುವುದು ಟಿ.ವಿ.ಯಲ್ಲಿ ನೋಡಿದ ದೂರದ ದೇಶ. ನಮ್ಮ ಗಡಿಯ ಹಳ್ಳಿಗಳೂ ಅದೇ ಸಾಲಿನಲ್ಲಿವೆ. 2025ರ ಮೇ ತಿಂಗಳಲ್ಲಿ ಪೂಂಚ್‌ನ ಮೇಲೆ ಶೆಲ್ ಬಿದ್ದಾಗ ಸತ್ತವರಲ್ಲಿ ಮಕ್ಕಳೂ ಇದ್ದರು. ರಜೌರಿ, ಉರಿ, ಕುಪ್ವಾರದ ನಿಯಂತ್ರಣ ರೇಖೆಯ ಹಳ್ಳಿಗಳಲ್ಲಿ ಶಾಲೆಯ ಪಕ್ಕ ಬಂಕರ್ ಇರುವುದು ಸಾಮಾನ್ಯ. ಮಣಿಪುರದಲ್ಲಿ 2023ರ ಮೇ ತಿಂಗಳ ಗಲಭೆಯ ನಂತರ ಪರಿಹಾರ ಶಿಬಿರಗಳಲ್ಲೇ ಓದಿದ ಮಕ್ಕಳಿದ್ದಾರೆ.

ನನ್ನ ಸಲಹೆ: ಯೋಧ ಸೇವೆ ಮಾಡಿದ ಜಾಗವನ್ನೇ ಆರಿಸಿಕೊಳ್ಳಿ. ಅವರು ಓಡಾಡಿದ ಜಿಲ್ಲೆ, ಅಲ್ಲಿನ ಶಾಲೆ. ಅವರ ಜೊತೆಗಿದ್ದವರನ್ನು ಕೇಳಿದರೆ ಎಷ್ಟೋ ಸಲ ಒಂದು ಕತೆ ಸಿಗುತ್ತದೆ. ನಮ್ಮ ಗೆಳೆಯ ಪೋಸ್ಟಿನ ಹತ್ತಿರದ ಶಾಲೆಯ ಹುಡುಗರಿಗೆ ವಾಲಿಬಾಲ್ ಕಲಿಸುತ್ತಿದ್ದನಂತೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಶಾಲೆಯಲ್ಲಿದ್ದಾಗ ಬಾಲು ಬಂದರೆ ಕಣ್ಣು ಮುಚ್ಚುತ್ತಿದ್ದ ಆಸಾಮಿ ಅವನು!

ಯೋಧ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಿ ತೀರಿಕೊಂಡಿದ್ದರೆ? ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶ ಭಾರತ. 1961ರಲ್ಲಿ ಕಾಂಗೋದಲ್ಲಿ ಬಿದ್ದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂತು. ಇಂಥ ಕಡೆ ಕಾಂಗೋ ಅಥವಾ ದಕ್ಷಿಣ ಸುಡಾನಿನ ಮಗುವಿನ ಹೆಸರು ಬರುವುದು ಸಹಜ. ಆದರೆ ಹಣದ ದಾರಿ ಬೇರೆ. ಅದನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 3: ಟ್ರಸ್ಟ್ ಮಾಡಬೇಡಿ, ದತ್ತಿ ಇಡಿ

ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಹುತಾತ್ಮರ ಹೆಸರಿನ ಟ್ರಸ್ಟ್‌ಗಳಲ್ಲಿ ಹಲವು ಮೂರನೇ ವರ್ಷಕ್ಕೆ ಬರೀ ಬೋರ್ಡ್ ಆಗಿರುತ್ತವೆ. ಟ್ರಸ್ಟ್ ಅಂದರೆ ಡೀಡ್ ಬರೆಸಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಪ್ಯಾನ್ ಬೇಕು, ಬ್ಯಾಂಕ್ ಖಾತೆ ಬೇಕು, ಆದಾಯ ತೆರಿಗೆಯಲ್ಲಿ ಎರಡು ನೋಂದಣಿ ಬೇಕು, ವರ್ಷ ವರ್ಷ ಲೆಕ್ಕ ಪತ್ರ, ರಿಟರ್ನ್. ಸಂಘ ಮಾಡೋಣ ಅಂದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು. ಏಳು ಜನ ಸಿಗುತ್ತಾರೆ. ಐದನೇ ವರ್ಷಕ್ಕೂ ಸಭೆಗೆ ಬರುವ ಏಳು ಜನ ಸಿಗುವುದು ಕಷ್ಟ.

ಆಡಿಟರ್ ಫೀಸು, ಓಡಾಟ ಎಲ್ಲ ಸೇರಿದರೆ ಒಂದು ಮಗುವಿನ ಒಂದು ವರ್ಷದ ಹಣ ಕಾಗದಕ್ಕೇ ಹೋಗುತ್ತದೆ. ವರ್ಷಕ್ಕೆ ಹತ್ತು ಲಕ್ಷ ದಾಟಿ ಖರ್ಚು ಮಾಡುವ ಶಕ್ತಿ ಇದ್ದರೆ ಟ್ರಸ್ಟ್ ಬಗ್ಗೆ ಯೋಚಿಸಿ. ಈ ಗಡಿ ನನ್ನ ಅಂದಾಜು ಅಷ್ಟೇ, ಕಾನೂನಲ್ಲ.

ದತ್ತಿ ನಮಗೆ ಗೊತ್ತಿರುವ ದಾರಿ. ಸಾಹಿತ್ಯ ಪರಿಷತ್ತಿನಲ್ಲಿ ಅಪ್ಪ ಅಮ್ಮನ ಹೆಸರಲ್ಲಿ ದತ್ತಿ ಇಟ್ಟು ಉಪನ್ಯಾಸ ನಡೆಸುತ್ತೇವೆ, ಅಲ್ವಾ? ಹಾಗೆಯೇ. ಈಗಾಗಲೇ ಆ ಜಾಗದಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗೆ ಯೋಧನ ಹೆಸರಲ್ಲಿ ಹಣ ಕೊಡುವುದು. ಹೊರಗಿನವರು ಅಲ್ಲಿ ಹೋಗಿ ಕೆಲಸ ಮಾಡಬಹುದೇ ಅನ್ನುವ ಅನುಮಾನ ನಮಗೂ ಇತ್ತು. ಪುಣೆಯ ಬಾರ್ಡರ್‌ಲೆಸ್ ವರ್ಲ್ಡ್ ಫೌಂಡೇಷನ್ 2002ರಿಂದ ಕುಪ್ವಾರದಲ್ಲಿ ತಂದೆ ತಾಯಿ ಕಳೆದುಕೊಂಡ ಹೆಣ್ಣುಮಕ್ಕಳಿಗೆ ಮನೆ ನಡೆಸುತ್ತಾ ಬಂದಿದೆ. ಸೇನೆಯೂ 1998ರಲ್ಲಿ ಶುರುವಾದ ಆಪರೇಷನ್ ಸದ್ಭಾವನಾದಡಿ ಕಾಶ್ಮೀರದಲ್ಲಿ ಗುಡ್‌ವಿಲ್ ಶಾಲೆಗಳನ್ನು ನಡೆಸುತ್ತದೆ. ಇವು ಉದಾಹರಣೆ ಮಾತ್ರ. ಯಾರಿಗೆ ಕೊಡುವುದಾದರೂ ಮುಂದಿನ ಪರೀಕ್ಷೆ ತಪ್ಪಿಸಬೇಡಿ.

ಹಂತ 4: ಸಂಸ್ಥೆಯನ್ನು ಪರೀಕ್ಷಿಸುವುದು

ಸಂಕೋಚ ಬೇಡ. ಒಳ್ಳೆ ಸಂಸ್ಥೆಗೆ ಪ್ರಶ್ನೆ ಕೇಳಿದರೆ ಬೇಜಾರಾಗುವುದಿಲ್ಲ.

ಮೊದಲು ಕಾಗದ. ಟ್ರಸ್ಟ್ ಅಥವಾ ಸಂಘದ ನೋಂದಣಿ, ದಾನ ಕೊಟ್ಟವರಿಗೆ ವಿನಾಯಿತಿ ಸಿಗುವ ಆದಾಯ ತೆರಿಗೆಯ 80ಜಿ ಅನುಮೋದನೆ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಸಂಖ್ಯೆ, ಮೂರು ವರ್ಷದ ಆಡಿಟ್ ಆದ ಲೆಕ್ಕ. ದರ್ಪಣ್ ಸಂಖ್ಯೆಯನ್ನು ನೀವೇ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಆದರೆ ಆ ಸಂಖ್ಯೆ ಇದ್ದಮಾತ್ರಕ್ಕೆ ಸರ್ಕಾರ ಶಿಫಾರಸು ಮಾಡಿದೆ ಅಂತಲ್ಲ. ಹೆಸರು ದಾಖಲಾಗಿದೆ ಅಷ್ಟೇ.

ಆಮೇಲೆ ಮಕ್ಕಳ ಮನೆ ನಡೆಸುವ ಸಂಸ್ಥೆಯಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ಮಕ್ಕಳು ಅಲ್ಲಿಗೆ ಬಂದದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆಯೇ ಎಂದು ಕೇಳಿ. ಗಡಿಯಿಂದ ಮಕ್ಕಳನ್ನು ಕರೆತಂದು ದೂರದ ಊರಲ್ಲಿ ಆಶ್ರಮದಲ್ಲಿಟ್ಟು, ಅವರನ್ನು ತೋರಿಸಿ ದೇಣಿಗೆ ಎತ್ತುವವರಿದ್ದಾರೆ. ಈ ಒಂದು ಪ್ರಶ್ನೆಗೇ ಅವರ ಫೋನು ಕಟ್ ಆಗುತ್ತದೆ.

ಇಲ್ಲಿ ಒಂದು ವಿಷಯ ಜಾಸ್ತಿ ಬರೆಯಬೇಕು. ತಂದೆ ಸತ್ತ ಮಗು ಅಂದರೆ ನಾವು ಆಶ್ರಮ ಅಂತಲೇ ಯೋಚಿಸುತ್ತೇವೆ. ಹೆಚ್ಚಿನ ಮಕ್ಕಳಿಗೆ ತಾಯಿ ಇರುತ್ತಾಳೆ, ಅಜ್ಜಿ ಇರುತ್ತಾಳೆ, ಚಿಕ್ಕಪ್ಪ ಇರುತ್ತಾನೆ. ಹಣವಿಲ್ಲದ ಕಾರಣಕ್ಕೆ ಮಗು ಆಶ್ರಮ ಸೇರುತ್ತದೆ. ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅನ್ನುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗವಿದೆ. ಅರ್ಹ ಮಗು ತನ್ನ ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: "ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ?" ಅಂತಲ್ಲ. "ಎಷ್ಟು ಮಕ್ಕಳನ್ನು ಮನೆಯಲ್ಲೇ ಉಳಿಸಿದ್ದೀರಿ? ಸರ್ಕಾರದ ಹಣ ಸಿಗಬೇಕಾದವರಿಗೆ ಅರ್ಜಿ ಹಾಕಿಸಿದ್ದೀರಾ?" ಥಾಪರ್ ಅವರ 50 ರೂಪಾಯಿಯೂ ಆ ಹುಡುಗಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಅವಳಿದ್ದಲ್ಲಿಗೇ ಹೋಗುತ್ತಿತ್ತು.

ಕೊನೆಗೆ ಒಂದು ಸಲ ಹೋಗಿ ಬನ್ನಿ. ಹನ್ನೆರಡು ಜನರಲ್ಲಿ ಒಬ್ಬರು ಹೋದರೆ ಸಾಕು. ಗಡಿಯ ಕೆಲವು ಭಾಗಗಳಿಗೆ ಹೊರಗಿನವರು ಹೋಗಲು ಜಿಲ್ಲಾಡಳಿತದ ಅನುಮತಿ ಬೇಕು. ಸುಮ್ನೆ ಟ್ಯಾಕ್ಸಿ ಹತ್ತಿ ಹೊರಡಬೇಡಿ.

ಹಂತ 5: ಲೆಕ್ಕ

ಎರಡು ದಾರಿ. ಒಂದು, ಇಡಿಗಂಟು ಇಟ್ಟು ಬಡ್ಡಿಯಲ್ಲಿ ನಡೆಸುವುದು. ತಿಂಗಳಿಗೆ 4,000 ಅಂದರೆ ವರ್ಷಕ್ಕೆ 48,000. ಬಡ್ಡಿ ಶೇ 6.5 ಅಂತಿಟ್ಟುಕೊಂಡರೆ ಸುಮಾರು 7.4 ಲಕ್ಷ ಬೇಕು. ಬಡ್ಡಿ ಇಳಿದರೆ ಕೊಡುವುದೂ ಇಳಿಯುತ್ತದೆ, ಶಾಲೆಯ ಫೀಸು ಮಾತ್ರ ಏರುತ್ತಲೇ ಇರುತ್ತದೆ. ಹಾಗಾಗಿ ಬಡ್ಡಿಯ ಒಂದು ಪಾಲನ್ನು ಮತ್ತೆ ಗಂಟಿಗೆ ಸೇರಿಸಬೇಕು. ಆಗ ಹತ್ತು ಲಕ್ಷದ ಹತ್ತಿರ ಬರುತ್ತದೆ.

ಇನ್ನೊಂದು, ತಿಂಗಳ ಪಾಲು. ನಾವು ಇದನ್ನೇ ಆರಿಸಿದೆವು. ಹನ್ನೆರಡು ಜನ, ತಲಾ 400. ಒಟ್ಟು 4,800. ಅದರಲ್ಲಿ 4,000 ಮಗುವಿನ ಓದಿಗೆ, 800 ಸಂಸ್ಥೆಯ ಖರ್ಚಿಗೆ. "ನಮ್ಮ ಪ್ರತಿ ಪೈಸೆಯೂ ಮಗುವಿಗೇ ಹೋಗಬೇಕು" ಅಂತ ನಮ್ಮಲ್ಲಿ ಇಬ್ಬರು ಹಟ ಹಿಡಿದಿದ್ದರು. ಅಲ್ಲಿ ಹಳ್ಳಿ ಹಳ್ಳಿಗೆ ನಡೆದು ಹೋಗುವ ಕಾರ್ಯಕರ್ತೆಗೆ ಸಂಬಳ ಬೇಡವೇ? ಆಕೆ ಹೋಗದಿದ್ದರೆ ಮಗು ಶಾಲೆ ಬಿಟ್ಟದ್ದು ನಮಗೆ ಗೊತ್ತಾಗುವುದು ಹೇಗೆ? ಆರರಲ್ಲಿ ಒಂದು ಪಾಲು ಹಾಗೆ ಹೋದರೆ ತಪ್ಪಿಲ್ಲ.

ಹಣವನ್ನು ಒಬ್ಬರ ಖಾತೆಯಲ್ಲಿ ಕೂಡಿಹಾಕಬೇಡಿ. ಮೊದಲ ವರ್ಷ ನಾವು ಮಾಡಿದ್ದೇ ಅದು. ಯಾರೂ ಮೋಸ ಮಾಡಲಿಲ್ಲ. ಆದರೂ ಯುಗಾದಿಗೆ ಊರಿಗೆ ಹೋದಾಗ "ಲೆಕ್ಕ ಎಲ್ಲಿ" ಅಂತ ಮಾತು ಬಂತು, ಇಬ್ಬರು ಗೆಳೆಯರು ಮೂರು ತಿಂಗಳು ಮಾತು ಬಿಟ್ಟರು. ಈಗ ಪ್ರತಿಯೊಬ್ಬರೂ ತಮ್ಮ ಖಾತೆಯಿಂದ ನೇರವಾಗಿ ಸಂಸ್ಥೆಗೆ ಕಳಿಸುತ್ತೇವೆ. ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಪ್ರತಿ ತಿಂಗಳು ತಾನಾಗಿಯೇ ಹೋಗುತ್ತದೆ. ರಸೀದಿ ಅವರವರ ಹೆಸರಿಗೇ ಬರುತ್ತದೆ.

ತೆರಿಗೆ ವಿನಾಯಿತಿ ವಿಷಯ ಚುಟುಕಾಗಿ. 80ಜಿ ಇರುವ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ವಿನಾಯಿತಿ, ಅದಕ್ಕೂ ಆದಾಯದ ಮೇಲೆ ಒಂದು ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಬಾಯಲ್ಲಿ ಮಾತ್ರ 80ಜಿ ಅನ್ನುವುದು ಬೇಗ ಹೋಗುವುದಿಲ್ಲ.

ಹೊರದೇಶದಲ್ಲಿರುವ ಗೆಳೆಯರು ಕೊಡುವುದಾದರೆ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇಟ್ಟುಕೊಂಡವರು ಕೊಟ್ಟರೆ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. "ನನ್ನ ತಮ್ಮನ ಖಾತೆಗೆ ಹಾಕ್ತೀನಿ, ಅವನು ಕೊಡ್ತಾನೆ" ಅನ್ನುವ ಉಪಾಯ ಬೇಡ. ಸಂಸ್ಥೆಯ ಕುತ್ತಿಗೆಗೆ ಬರುತ್ತದೆ.

ಇನ್ನು ಬೇರೆ ದೇಶದ ಮಕ್ಕಳಿಗೆ ಕಳಿಸುವುದು. ಇಲ್ಲಿನ ಧರ್ಮಾರ್ಥ ಟ್ರಸ್ಟ್ ತನ್ನ ಹಣವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ಸಾಮಾನ್ಯವಾಗಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ವಿಶೇಷ ಅನುಮತಿ ಬೇಕು. ಹಾಗಾಗಿ ಊರಿನ ಟ್ರಸ್ಟ್ ಮೂಲಕ ಗಾಜಾಕ್ಕೋ ಸುಡಾನಿಗೋ ಕಳಿಸುವ ಆಲೋಚನೆ ಬಿಡಿ. ವ್ಯಕ್ತಿಯಾಗಿ ನೀವು, ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ ಎಲ್‌ಆರ್‌ಎಸ್ ಅಡಿ ಹೊರಗಿನ ಸಂಸ್ಥೆಗೆ ದಾನ ಕಳಿಸಬಹುದು. ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ಪ್ಯಾನ್ ಕೊಡಬೇಕು. 80ಜಿ ಸಿಗುವುದಿಲ್ಲ. ಯುನಿಸೆಫ್‌ನಂಥ ಸಂಸ್ಥೆಯ ಭಾರತದ ಕಚೇರಿಗೆ ಕೊಡುವುದಾದರೆ ಹಣ ಯಾವ ದೇಶದ ಮಕ್ಕಳಿಗೆ ಹೋಗುತ್ತದೆ ಅಂತ ಮೊದಲೇ ಕೇಳಿ.

ಹಂತ 6: ಏನು ಕೊಡುವುದು

ನಮ್ಮ ದೊಡ್ಡ ತಪ್ಪು ಇಲ್ಲೇ ಆದದ್ದು. ಮೊದಲ ವರ್ಷ 40 ಸ್ಕೂಲ್ ಬ್ಯಾಗ್ ಕೊಂಡು, ಪ್ರತಿಯೊಂದರ ಮೇಲೂ ಗೆಳೆಯನ ಹೆಸರು ಪ್ರಿಂಟ್ ಮಾಡಿಸಿ, ಲಾರಿ ಸರ್ವಿಸ್‌ಗೆ ಹಾಕಿದೆವು. ತಲುಪಿದ್ದು ಜನವರಿಯಲ್ಲಿ. ಕಾಶ್ಮೀರ ಕಣಿವೆಯಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಶಾಲೆಗೆ ಚಳಿ ರಜೆ. ಬ್ಯಾಗುಗಳು ಯಾರದೋ ಅಂಗಡಿಯ ಹಿಂದೆ ಎರಡು ತಿಂಗಳು ಬಿದ್ದಿದ್ದವು. ಶಾಲೆ ತೆರೆದ ಮೇಲೆ ಹೆಡ್‌ಮಾಸ್ಟರ್ ಫೋನಿನಲ್ಲಿ ನಯವಾಗಿಯೇ ಹೇಳಿದರು, ಆ ವರ್ಷ ಬ್ಯಾಗ್ ಕೊಟ್ಟವರಲ್ಲಿ ನಾವು ಮೂರನೆಯವರಂತೆ.

ಅವರಿಗೆ ಬೇಕಿದ್ದದ್ದು ಏನು? ಎಂಟನೇ ಕ್ಲಾಸಿನ ನಂತರ ಹುಡುಗಿಯರು ದೂರದ ಶಾಲೆಗೆ ಹೋಗಲು ವ್ಯಾನಿನ ಬಾಡಿಗೆ. ಚಳಿಯಲ್ಲಿ ಕ್ಲಾಸು ಬೆಚ್ಚಗಿಡುವ ಬುಖಾರಿ ಒಲೆಗೆ ಕಟ್ಟಿಗೆ. ಈ ಎರಡನ್ನೂ ಬ್ಯಾಗಿನಂತೆ ಪ್ಯಾಕ್ ಮಾಡಿ ಫೋಟೋ ತೆಗೆಯಲು ಆಗುವುದಿಲ್ಲ.

2004ರ ಸುನಾಮಿಯ ನಂತರ ನಾಗಪಟ್ಟಣದಲ್ಲಿ ದಾನವಾಗಿ ಬಂದ ಹಳೇ ಬಟ್ಟೆ ರಸ್ತೆಬದಿ ರಾಶಿ ಬಿದ್ದದ್ದನ್ನು ಹಲವರು ನೋಡಿದ್ದಾರೆ. ವಸ್ತು ಕಳಿಸಲೇಬೇಕು ಅಂತಿದ್ದರೆ ಅಲ್ಲಿಯವರು ಬರೆದುಕೊಟ್ಟ ಪಟ್ಟಿಯಂತೆ, ಅಲ್ಲೇ ಹತ್ತಿರದ ಪೇಟೆಯಲ್ಲಿ ಕೊಳ್ಳಿ. ಫಿರನ್ (ಕಾಶ್ಮೀರದ ಉದ್ದ ನಿಲುವಂಗಿ), ಬೂಟು, ಕಂಬಳಿ ಆದರೆ ಅಕ್ಟೋಬರ್ ಒಳಗೆ ಮುಟ್ಟಬೇಕು. ಅಲ್ಲಿಯ ಅಂಗಡಿಯವನಿಗೂ ನಾಲ್ಕು ಕಾಸು ಆಗುತ್ತದೆ.

ಶೆಲ್ ಅಥವಾ ನೆಲಬಾಂಬಿನಿಂದ ಕಾಲು ಕಳೆದುಕೊಂಡ ಮಗುವಿಗೆ ನೆರವಾಗುವವರಿಗೆ ಒಂದು ಮಾತು. ಕೃತಕ ಕಾಲು ಒಂದು ಸಲ ಕೊಟ್ಟು ಮುಗಿಯುವ ಕೆಲಸವಲ್ಲ. ದೊಡ್ಡವರಿಗೆ ಒಂದೇ ಕಾಲು ವರ್ಷಗಟ್ಟಲೆ ನಡೆಯಬಹುದು. ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುತ್ತದೆ, ಕಾಲು ಮತ್ತೆ ಮತ್ತೆ ಬದಲಿಸಬೇಕು. 1975ರಲ್ಲಿ ಶುರುವಾದ ಜೈಪುರದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ ಜೈಪುರ ಕಾಲನ್ನು ಉಚಿತವಾಗಿ ಕೊಡುತ್ತದೆ. ಅಂದರೆ ಕಾಲಿಗೆ ದುಡ್ಡು ಬೇಡ. ಬೇಕಿರುವುದು ಮಗು ಮತ್ತು ತಾಯಿಯ ರೈಲು ಚಾರ್ಜು, ಉಳಿಯುವ ಖರ್ಚು, ತಾಯಿ ಕಳೆದುಕೊಳ್ಳುವ ಕೂಲಿ. ಆ ಖರ್ಚು ಮತ್ತೆ ಮತ್ತೆ, ಮಗು 18 ದಾಟುವವರೆಗೆ.

ಮನಸ್ಸಿನ ಗಾಯದ ಬಗ್ಗೆ ಕೊಡುವವರು ಕಡಿಮೆ. ಮಾತು ನಿಂತ ಮಗುವಿಗೆ ಬ್ಯಾಗ್ ಏನು ಮಾಡುತ್ತದೆ? ಸಂಸ್ಥೆಯಲ್ಲಿ ಕೌನ್ಸೆಲರ್ ಇದ್ದಾರೆಯೇ, ಆ ಭಾಷೆ ಬಲ್ಲವರೇ ಎಂದು ಕೇಳಿ. ಇಲ್ಲ ಅಂದರೆ ನಿಮ್ಮ ದತ್ತಿ ಅದಕ್ಕೇ ಮೀಸಲಾಗಲಿ ಅಂತ ಹೇಳಬಹುದು.

ಹಂತ 7: ಫೋಟೋ ಬೇಡ, ಥ್ಯಾಂಕ್ಸ್ ಬೇಡ

ಥಾಪರ್ ಅವರ ಪತ್ರದಲ್ಲಿ ಆ ಹುಡುಗಿಯ ಹೆಸರಿದೆ. ನಾನು ಇಲ್ಲಿ ಬರೆದಿಲ್ಲ, ಗಮನಿಸಿರಬಹುದು. ಅವಳೀಗ ದೊಡ್ಡವಳು. ತನ್ನ ಕತೆ ತಾನೇ ಹೇಳಬಲ್ಲವಳು.

ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆ ಬೇಕಾದ ಮಗುವಿನ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಹಾಗಿರಲಿ. ಸಂಘರ್ಷದ ಜಾಗದಲ್ಲಿ "ಸೈನಿಕನ ಹೆಸರಲ್ಲಿ ಹಣ ಬರುವ ಮಗು" ಅಂತ ಗುರುತಾದರೆ ಆ ಮನೆಗೆ ಅಪಾಯವೇ ಆಗಬಹುದು. ಇದು ನಮಗೆ ಹೊಳೆದಿರಲೇ ಇಲ್ಲ. ಬ್ಯಾಗಿನ ಮೇಲೆ ಹೆಸರು ಪ್ರಿಂಟ್ ಮಾಡಿಸಿದ್ದೆವಲ್ಲ, ಹೆಡ್‌ಮಾಸ್ಟರ್ ಆ ಫೋನಿನಲ್ಲಿ ಅದನ್ನೂ ಹೇಳಿದ್ದರು. ಮಕ್ಕಳು ಆ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿಕೊಂಡಿದ್ದರಂತೆ.

ಈಗ ನಮ್ಮ ಒಪ್ಪಂದ ಹೀಗಿದೆ. ಮಗುವಿನ ಹೆಸರು ನಮಗೆ ಬೇಡ, ಒಂದು ಸಂಖ್ಯೆ ಸಾಕು. ವರ್ಷಕ್ಕೆ ಎರಡು ಸಲ ಒಂದು ಹಾಳೆ ವರದಿ ಬರುತ್ತದೆ: ಯಾವ ಕ್ಲಾಸು, ಹಾಜರಿ ಎಷ್ಟು, ಆರೋಗ್ಯ ಹೇಗಿದೆ, ಹಣ ಯಾವುದಕ್ಕೆ ಹೋಯಿತು. ಮಗುವಿನಿಂದ ಧನ್ಯವಾದದ ಪತ್ರ ಬರೆಸಬೇಡಿ ಅಂತ ನಾವೇ ಹೇಳಿದ್ದೇವೆ. ಯೋಧನ ಹೆಸರು ದತ್ತಿಯ ಕಾಗದದಲ್ಲಿ, ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಇರುತ್ತದೆ. ಅಷ್ಟೇ.

ಹಂತ 8: ಒಂದು ದಿನ, ಒಂದು ಹಾಳೆ

ಜುಲೈ 26 ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ನಾವು ಎರಡನ್ನೂ ಬಿಟ್ಟು ಗೆಳೆಯ ತೀರಿಕೊಂಡ ದಿನವನ್ನೇ ಇಟ್ಟುಕೊಂಡಿದ್ದೇವೆ. ಅವತ್ತು ಮಾಡುವುದು ಇಷ್ಟು: ಅವ್ವನ ಮನೆಯಲ್ಲಿ ಸೇರಿ, ಆ ವರ್ಷದ ವರದಿಯನ್ನು ಕನ್ನಡದಲ್ಲಿ ಓದಿ ಹೇಳುವುದು, ಉಪ್ಪಿಟ್ಟು ತಿನ್ನುವುದು.

ಹಂತ 9: ನಿಲ್ಲಿಸುವುದನ್ನೂ ಮೊದಲೇ ಬರೆದಿಡಿ

ಇದನ್ನು ಯಾರೂ ಯೋಚಿಸುವುದಿಲ್ಲ. ಜೋರಾಗಿ ಶುರು ಮಾಡಿ ಎರಡನೇ ವರ್ಷಕ್ಕೆ ಹಣ ನಿಂತರೆ, ಒಳ್ಳೆ ಶಾಲೆಗೆ ಸೇರಿದ್ದ ಮಗು ಮತ್ತೆ ಹೊರಗೆ ಬರಬೇಕಾಗುತ್ತದೆ. ಒಮ್ಮೆ ಕಳೆದುಕೊಂಡ ಮಗು ಮತ್ತೊಮ್ಮೆ ಕಳೆದುಕೊಳ್ಳುತ್ತದೆ. ಅದಕ್ಕಿಂತ ಶುರು ಮಾಡದಿರುವುದೇ ವಾಸಿ.

ಆದ್ದರಿಂದ ಸಂಸ್ಥೆಗೆ ಕೊಡುವ ಪತ್ರದಲ್ಲಿ ಮೂರು ಸಾಲು ಇರಲಿ. ಎಲ್ಲಿಯವರೆಗೆ: ಉದಾಹರಣೆಗೆ ಪಿಯುಸಿ ಮುಗಿಯುವವರೆಗೆ. 18ಕ್ಕೆ ಎಲ್ಲ ಮುಗಿಯುವುದಿಲ್ಲ. ಮಕ್ಕಳ ಮನೆಯಿಂದ ಹೊರಬಂದವರಿಗೆ 21ರವರೆಗೆ ನೆರವು ಕೊಡುವ ಅವಕಾಶ ಕಾನೂನಿನಲ್ಲೇ ಇದೆ. ಯಾರಾದರೂ ಕೈಬಿಟ್ಟರೆ: ಉಳಿದವರು ಪಾಲು ತುಂಬುತ್ತಾರೋ, ಎಷ್ಟು ತಿಂಗಳು ಮುಂಚೆ ತಿಳಿಸುತ್ತಾರೋ. ನಾವು ಆರು ತಿಂಗಳ ಹಣವನ್ನು ಸಂಸ್ಥೆಯಲ್ಲಿ ಮುಂಗಡ ಇಟ್ಟಿದ್ದೇವೆ, 28,800 ರೂಪಾಯಿ. ಮಗು ಊರು ಬಿಟ್ಟರೆ ಅಥವಾ ನೆರವು ಬೇಡ ಅಂದರೆ: ಅದೇ ಹಳ್ಳಿಯ ಇನ್ನೊಂದು ಮಗುವಿಗೆ.

ನಮ್ಮ ಹನ್ನೆರಡರಲ್ಲಿ ಈಗ ಹನ್ನೊಂದು ಜನ ಇದ್ದೇವೆ. ಒಬ್ಬನಿಗೆ ಕೆಲಸ ಹೋಯಿತು. ಅವನ 400ನ್ನು ಇಬ್ಬರು ಹಂಚಿಕೊಂಡಿದ್ದೇವೆ. ಅವನ ಹೆಸರನ್ನು ಪಟ್ಟಿಯಿಂದ ತೆಗೆದಿಲ್ಲ.

ಹಣ ಹೋಗುವುದು ಪ್ರತಿ ತಿಂಗಳ 5ಕ್ಕೆ. ಅವ್ವನಿಗೆ ಮೊಬೈಲಿನ ಮೆಸೇಜು ಓದಲು ಬರುವುದಿಲ್ಲ. ಊರಲ್ಲೇ ಇರುವ ಗೆಳೆಯ ಹೋಗಿ ಹೇಳಿ ಬರುತ್ತಾನೆ. ಒಮ್ಮೆ 5ನೇ ತಾರೀಖು ಭಾನುವಾರ ಬಿತ್ತು, ಬ್ಯಾಂಕು ಸೋಮವಾರಕ್ಕೆ ಮುಂದೆ ಹಾಕಿತು. ಭಾನುವಾರ ಸಂಜೆ ಏಳಕ್ಕೇ ನನಗೆ ಫೋನ್ ಬಂತು.

"ಈ ತಿಂಗಳದ್ದು ಹೋತೇನಪಾ?"